ಒದ್ದೆ ಗಾಳಿಯ ತೂಕ

ಸುಗ್ಗಿಯಲ್ಲಿ ನಮ್ಮ ಕಣದಲ್ಲಿ ರಾಗಿ ತೂರಬೇಕಾದರೆ ಅಜ್ಜಿಯ ಅಪ್ಪಣೆ ಬೇಕು. ಕುಣಿಗಲ್ ಕೆರೆಯ ಕಡೆಯಿಂದ ಮಂಜು ಕವಿದುಕೊಂಡ ಬೆಳಗಾದರೆ ಅವಳು ಮೊರ ಕೆಳಗಿಟ್ಟು, “ಈವತ್ತು ಗಾಳಿ ಭಾರ ಐತೆ ಕಣ್ಲಾ ಮಗ, ಹೊಟ್ಟು ಹಾರಲ್ಲ. ಬಿಸ್ಲು ಬರ್ಲಿ” ಅನ್ನುತ್ತಿದ್ದಳು. ಒದ್ದೆ ಬಟ್ಟೆ ಭಾರ, ಒದ್ದೆ ಸೌದೆ ಭಾರ. ಒದ್ದೆ ಗಾಳಿಯೂ ಭಾರವೇ ಇರಬೇಕು ಎಂದು ನಾನೂ ನಂಬಿದೆ. ಆ ನಂಬಿಕೆಯನ್ನು ಟ್ರಂಕಿನಲ್ಲಿ ಬಟ್ಟೆಯ ಜೊತೆ ಮಡಿಸಿಟ್ಟುಕೊಂಡೇ ವಾಯುಪಡೆ ಸೇರಿದೆ.

ಜಾಲಹಳ್ಳಿಯಲ್ಲಿ ತರಬೇತಿ, ಆಮೇಲೆ ಎಂಜಿನ್ ಫಿಟ್ಟರ್ ಕೆಲಸ. ಲೇಹ್‌ನಲ್ಲಿ ಚೀತಾ ಹೆಲಿಕಾಪ್ಟರುಗಳು, ಕರಾವಳಿಯಲ್ಲಿ ಚೇತಕ್‌ಗಳು. ನಿವೃತ್ತಿಯಾದ ಮೇಲೆ ಕೆಲವು ವರ್ಷ ಒಂದು ಹಾರಾಟ ತರಬೇತಿ ಶಾಲೆಯ ಹ್ಯಾಂಗರಿನಲ್ಲಿ ಪಿಸ್ಟನ್ ಎಂಜಿನ್ನುಗಳ ಸಹವಾಸ. ಈಗ ತುಮಕೂರಿನಲ್ಲಿ ಮನೆ ಮಾಡಿಕೊಂಡಿದ್ದೇನೆ. 2023ರ ಫೆಬ್ರುವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಲೋಕಾರ್ಪಣೆಯಾದ ಮೇಲೆ, ಸುತ್ತಮುತ್ತಲ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರು ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಅವರೂ ಗಾಳಿಯ ವಿಷಯದಲ್ಲಿ ನಮ್ಮಜ್ಜಿಯ ಮೊಮ್ಮಕ್ಕಳೇ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

1. ಒದ್ದೆ ಗಾಳಿ ಹಗುರ

ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ನೀರು ಸೇರಿದರೆ ತೂಕ ಹೆಚ್ಚಬೇಕಲ್ಲ? ಬಟ್ಟೆಗೆ ನೀರು ಸೇರಿದರೆ ಬಟ್ಟೆಯೂ ಇರುತ್ತದೆ, ನೀರೂ ಇರುತ್ತದೆ. ಗಾಳಿಯಲ್ಲಿ ಹಾಗಲ್ಲ. ಒಂದೇ ಒತ್ತಡ, ಒಂದೇ ಉಷ್ಣತೆ ಇದ್ದಾಗ ಒಂದು ಜಾಗದಲ್ಲಿ ಹಿಡಿಸುವ ಅಣುಗಳ ಲೆಕ್ಕ ಮೊದಲೇ ಗೊತ್ತಾಗಿಬಿಟ್ಟಿರುತ್ತದೆ. ನೀರಾವಿ ಬಂದರೆ ಬೇರೆಯವರು ಎದ್ದು ಜಾಗ ಕೊಡಬೇಕು.

ತುಮಕೂರಿನಿಂದ ಕುಣಿಗಲ್‌ಗೆ ಹೊರಟ ಐವತ್ತು ಸೀಟಿನ ಬಸ್ಸನ್ನು ನೆನೆಸಿಕೊಳ್ಳಿ. ನಿಂತು ಪ್ರಯಾಣ ಮಾಡುವ ಹಾಗಿಲ್ಲ. ಸಾರಜನಕದ ಒಂದು ಅಣುವಿನ ತೂಕ 28, ಆಮ್ಲಜನಕದ್ದು 32, ಎರಡೂ ಬೆರೆತ ಒಣ ಗಾಳಿಯ ಸರಾಸರಿ 29. ನೀರಿನ ಅಣು 18 ಮಾತ್ರ. ಸಮುದ್ರ ಮಟ್ಟದಲ್ಲಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿ ಇನ್ನು ಹಿಡಿಯಲಾರದಷ್ಟು ತೇವ ತುಂಬಿಕೊಂಡಾಗ, ನೂರರಲ್ಲಿ ನಾಲ್ಕು ಅಣು ನೀರಿನದ್ದು. ಅಂದರೆ ನಮ್ಮ ಬಸ್ಸಿನಲ್ಲಿ ಇಬ್ಬರು ದಪ್ಪ ಆಸಾಮಿಗಳು ಇಳಿದು, ಆ ಸೀಟಿನಲ್ಲಿ ಇಬ್ಬರು ಹುಡುಗರು ಕೂತಂತೆ. ಬಸ್ ತುಂಬಿಯೇ ಇದೆ, ತೂಕ ಮಾತ್ರ ಇಳಿದಿದೆ. ಎಷ್ಟು? ನೂರಕ್ಕೆ ಒಂದೂವರೆ ಪಾಲಿನಷ್ಟು. ತೇವದಿಂದ ಗಾಳಿಯ ಸಾಂದ್ರತೆ ಕಡಿಮೆಯಾಗುವುದೆಂದರೆ ಇಷ್ಟೇ.

2. ಮಂಜು ಬೇರೆ, ಆವಿ ಬೇರೆ

ಹಾಗಾದರೆ ಕೆರೆಯ ಮೇಲೆ ಭಾರವಾಗಿ ಕೂರುವ ಮಂಜು? ಅದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಆವಿಯಲ್ಲ, ಆವಿ ಕಾಣುವುದಿಲ್ಲ. ಮಂಜೆಂದರೆ ತೇಲುತ್ತಿರುವ ನೀರ ಹನಿ. ಅದು ತಗ್ಗಿನಲ್ಲಿ ಕೂರುವುದು ಅಲ್ಲಿನ ಗಾಳಿ ತಣ್ಣಗಿರುವುದರಿಂದ. ತಣ್ಣನೆಯ ಗಾಳಿ ನಿಜಕ್ಕೂ ಭಾರ. ಮಂಜಿನ ಬೆಳಗ್ಗೆ ಹೊಟ್ಟು ಹಾರದಿದ್ದುದಕ್ಕೆ ಕಾರಣ ಗಾಳಿಯ ತೂಕವಲ್ಲ. ಹೊಟ್ಟೇ ಇಬ್ಬನಿ ಕುಡಿದು ಭಾರವಾಗಿರುತ್ತಿತ್ತು, ಕಾಳಿಗೆ ಅಂಟಿಕೊಳ್ಳುತ್ತಿತ್ತು, ಜೊತೆಗೆ ಮಂಜಿನ ಹೊತ್ತಿನಲ್ಲಿ ಗಾಳಿ ಬೀಸುತ್ತಲೂ ಇರಲಿಲ್ಲ. ಅಜ್ಜಿ ಕಂಡದ್ದು ಸರಿ, ದೂರು ಹೊರಿಸಿದ್ದು ತಪ್ಪು ಆಸಾಮಿಯ ಮೇಲೆ. ಎಂಜಿನ್ ರಿಪೇರಿಯಲ್ಲಿ ನಾವು ಮಾಡುವ ತಪ್ಪುಗಳಲ್ಲಿ ಅರ್ಧ ಇದೇ ಜಾತಿಯವು.

3. ಕಳ್ಳರು ಮೂವರು, ತೇವ ಎಲ್ಲರಿಗಿಂತ ಚಿಕ್ಕವನು

ಎಂಜಿನ್ನಿಗೂ ರೋಟರಿಗೂ ಸಲ್ಲಬೇಕಾದ ಗಾಳಿಯನ್ನು ಕದಿಯುವವರು ಮೂವರು: ಎತ್ತರ, ಬಿಸಿಲು, ತೇವ. ಯಾರ ಕೈ ಎಷ್ಟು ಉದ್ದ ಎಂದು ತುಮಕೂರಿನಲ್ಲೇ ಲೆಕ್ಕ ಹಾಕಬಹುದು.

ತುಮಕೂರು ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಮೇಲಿದೆ. ಆ ಎತ್ತರವೊಂದೇ ಗಾಳಿಯ ಸಾಂದ್ರತೆಯಲ್ಲಿ ಶೇ. 7ರಿಂದ 8ರಷ್ಟನ್ನು ತೆಗೆದುಕೊಂಡು ಹೋಗುತ್ತದೆ. ವಿಮಾನದ ಪುಸ್ತಕಗಳಲ್ಲಿ ಎಲ್ಲ ಲೆಕ್ಕಕ್ಕೂ ಒಂದು ಮಾದರಿ ದಿನ ಇರುತ್ತದೆ: ಸಮುದ್ರ ಮಟ್ಟದಲ್ಲಿ 15 ಡಿಗ್ರಿ, ಮೇಲೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಇಳಿಕೆ. ಆ ಲೆಕ್ಕದಲ್ಲಿ ತುಮಕೂರಿನಲ್ಲಿ 10 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 36 ಇರುತ್ತದೆ. ಈ ಹೆಚ್ಚುವರಿ ಬಿಸಿ ಇನ್ನೂ ಎಂಟು ಪಾಲು ಕದಿಯುತ್ತದೆ. ತೇವದ ಪಾಲು ಆ ಮಧ್ಯಾಹ್ನ ಅರ್ಧದಿಂದ ಒಂದು, ಅಷ್ಟೆ.

ಎಲ್ಲ ಕೂಡಿದರೆ ನೆಲದ ಮೇಲೆ ನಿಂತಿರುವ ಹೆಲಿಕಾಪ್ಟರ್ ತನ್ನನ್ನು ಸುಮಾರು 1,700 ಮೀಟರ್ ಎತ್ತರದಲ್ಲಿದ್ದೇನೆ ಅಂದುಕೊಳ್ಳುತ್ತದೆ. ಇದನ್ನೇ ಸಾಂದ್ರತಾ ಎತ್ತರ ಅನ್ನುವುದು. ಸಾಂದ್ರತೆ ನೂರಕ್ಕೆ ಒಂದು ಪಾಲು ಇಳಿದರೆ ನೂರು ಮೀಟರ್ ಹತ್ತಿದಂತೆ ಎಂಬ ಅಂದಾಜನ್ನು ಬಾಯಿಪಾಠ ಮಾಡಿಕೊಳ್ಳಿ. ತುಮಕೂರಿನಿಂದ ದೇವರಾಯನದುರ್ಗದ ನೆತ್ತಿಗೆ ಹೋದರೆ ಸುಮಾರು 400 ಮೀಟರ್ ಏರಿದಂತೆ. ಅಲ್ಲಿ ಕಳೆದುಕೊಳ್ಳುವುದು, ತೇವ ಹೆಚ್ಚೆಂದರೆ ಕದಿಯಬಲ್ಲದ್ದರ ಎರಡು ಪಟ್ಟಿಗಿಂತ ಹೆಚ್ಚು.

4. ಬೆವರಿನ ಮಾತು ಕೇಳಬೇಡಿ

ಗುಬ್ಬಿಯ ಹುಡುಗನೊಬ್ಬ ಕೇಳಿದ: “ಸಾರ್, ಮಂಗಳೂರಲ್ಲಿ ಮೇ ತಿಂಗಳು ಉಸಿರಾಡಕ್ಕೇ ಆಗಲ್ಲ. ಅಲ್ಲಿ ಹೆಲಿಕಾಪ್ಟರ್ ಹೆಂಗೆ ಏಳತ್ತೆ?”

“ಇಲ್ಲಿಗಿಂತ ಸಲೀಸಾಗಿ ಏಳತ್ತೆ ಕಣಪ್ಪ” ಅಂದೆ. ಅವನು ನಂಬಲಿಲ್ಲ. ಇಬ್ಬರೂ ಕಾಗದ ಪೆನ್ನು ಹಿಡಿದು ಕೂತೆವು. ಮಂಗಳೂರು ವಿಮಾನ ನಿಲ್ದಾಣ ಗುಡ್ಡದ ಮೇಲಿದ್ದರೂ ಎತ್ತರ ನೂರು ಮೀಟರ್ ಚಿಲ್ಲರೆ. ಅಲ್ಲಿ 32 ಡಿಗ್ರಿ, ತೇವಾಂಶ ಶೇ. 75 ಅಂತ ಹಿಡಿದೆವು. ತುಮಕೂರಿಗೆ 36 ಡಿಗ್ರಿ, ತೇವಾಂಶ ಶೇ. 25. ಉತ್ತರ ಬಂದಾಗ ಮಂಗಳೂರಿನ ಆ ಬೆವರಿಳಿಸುವ ಗಾಳಿ ತುಮಕೂರಿನ ಒಣ ಗಾಳಿಗಿಂತ ಸುಮಾರು ಶೇ. 9ರಷ್ಟು ಹೆಚ್ಚು ಸಾಂದ್ರ.

ನಮಗೆ ಅಲ್ಲಿ ಹಿಂಸೆಯಾಗುವುದು ಬೆವರು ಆರದೆ ಇರುವುದರಿಂದ. ಎಂಜಿನ್ ಬೆವರುವುದಿಲ್ಲ, ಅದಕ್ಕೆ ಆ ಕಷ್ಟವೇ ಇಲ್ಲ. ಲೇಹ್‌ನಲ್ಲಿ ಇದಕ್ಕೆ ತದ್ವಿರುದ್ಧ. ವಿಮಾನ ನಿಲ್ದಾಣ 3,256 ಮೀಟರ್ ಮೇಲಿದೆ. ಬೇಸಿಗೆಯಲ್ಲಿ 25 ಡಿಗ್ರಿ ಬಿಸಿಲು, ತುಟಿ ಒಡೆಯುವಷ್ಟು ಒಣ ಗಾಳಿ, ಮೈಗೆ ಹಿತ. ಆದರೆ ಸಾಂದ್ರತೆ ಸಮುದ್ರ ಮಟ್ಟದ ಮಾದರಿ ಗಾಳಿಯ ಮೂರರಲ್ಲಿ ಎರಡು ಪಾಲೂ ಇಲ್ಲ. ನಮ್ಮ ಮೈಗೆ ಹಿತವಾದ ಹವೆ ಎಂಜಿನ್ನಿಗೂ ಹಿತವಾಗಬೇಕೆಂದಿಲ್ಲ.

5. ಶೇಕಡಾ ಲೆಕ್ಕ ಮೋಸ ಮಾಡುತ್ತದೆ

ರೇಡಿಯೊದಲ್ಲಿ “ತೇವಾಂಶ ಶೇಕಡಾ 95” ಅಂದರೆ ಗಾಳಿಯಲ್ಲಿ ನೀರು ಧಾರಾಳ ಇದೆ ಅನಿಸುತ್ತದೆ. ಆ ಅಂಕಿ ಹೇಳುವುದು, ಆ ಉಷ್ಣತೆಯ ಗಾಳಿ ಹಿಡಿಯಬಲ್ಲ ನೀರಿನಲ್ಲಿ ಎಷ್ಟು ಪಾಲು ತುಂಬಿದೆ ಎಂದು ಮಾತ್ರ. ತಣ್ಣನೆಯ ಗಾಳಿಯದ್ದು ಚಿಕ್ಕ ಚೊಂಬು, ಬಿಸಿ ಗಾಳಿಯದ್ದು ದೊಡ್ಡ ಕೊಳಗ. ಜುಲೈ ತಿಂಗಳ ಜಡಿಮಳೆಯ ಬೆಳಗ್ಗೆ 21 ಡಿಗ್ರಿಯಲ್ಲಿ ಶೇ. 95 ತೇವ, ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದ ಮಾರನೆಯ ಮಧ್ಯಾಹ್ನ 36 ಡಿಗ್ರಿಯಲ್ಲಿ ಶೇ. 40. ಎರಡರಲ್ಲೂ ನೀರಾವಿಯ ಒತ್ತಡ ಹತ್ತಿರ ಹತ್ತಿರ ಒಂದೇ, 24 ಹೆಕ್ಟೊಪ್ಯಾಸ್ಕಲ್.

ಆದ್ದರಿಂದ ಶೇಕಡಾ ಬಿಟ್ಟು ಇಬ್ಬನಿ ಬಿಂದು ಎಷ್ಟು ಎಂದು ಕೇಳಿ. ಗಾಳಿ ಎಷ್ಟು ಡಿಗ್ರಿಗೆ ತಣಿದರೆ ಇಬ್ಬನಿ ಕಟ್ಟಲು ಶುರುವಾಗುತ್ತದೆ ಎಂಬ ಅಂಕಿ ಅದು. ಮೇಲಿನ ಎರಡೂ ದಿನ ಅದು 20ರ ಆಸುಪಾಸು. ವಿಮಾನ ನಿಲ್ದಾಣದ ಹವಾ ವರದಿಯಲ್ಲಿ ಉಷ್ಣತೆಯ ಪಕ್ಕದಲ್ಲೇ ಇಬ್ಬನಿ ಬಿಂದುವನ್ನೂ ಕೊಟ್ಟಿರುತ್ತಾರೆ. ಅವೆರಡೂ ಒಂದಕ್ಕೊಂದು ಹತ್ತಿರ ಬರುತ್ತಿವೆ ಅಂದರೆ ಮಂಜು ಇಳಿಯುವ ಹೊತ್ತಾಯಿತು ಎಂಬ ಎಚ್ಚರಿಕೆಯೂ ಅದೇ ಸಾಲಿನಲ್ಲಿದೆ.

ಇನ್ನೊಂದು ಮಾತು: ಆ ಜುಲೈ ಬೆಳಗಿನ ಗಾಳಿ, ತೇವ ಅಷ್ಟೇ ಇದ್ದರೂ, ಏಪ್ರಿಲ್ ಮಧ್ಯಾಹ್ನದ್ದಕ್ಕಿಂತ ಶೇ. 4ಕ್ಕೂ ಹೆಚ್ಚು ಸಾಂದ್ರ. ತಂಪಿನ ಲಾಭದ ಮುಂದೆ ತೇವದ ನಷ್ಟ ನಿಲ್ಲುವುದಿಲ್ಲ.

6. ಪಿಸ್ಟನ್ ಎಂಜಿನ್ ಅಳುತ್ತದೆ, ಟರ್ಬೈನ್ ಗೊಣಗಿ ಸುಮ್ಮನಾಗುತ್ತದೆ

ಇಷ್ಟು ಹೇಳಿದ ಮೇಲೆ ತೇವವನ್ನು ಮರೆತೇ ಬಿಡಬಹುದು ಅನಿಸೀತು. ನನಗೂ ಹಾಗೇ ಅನಿಸಿತ್ತು, ಹಾರಾಟ ಶಾಲೆಯ ಹ್ಯಾಂಗರಿಗೆ ಕಾಲಿಡುವ ತನಕ.

ಬಸ್ಸಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. ತೂಕ ಇಳಿದದ್ದು ಒಂದೂವರೆ ಪಾಲು, ಆದರೆ ಸೀಟು ಹೋದದ್ದು ನಾಲ್ಕು ಪಾಲು. ನೀರಾವಿ ಕೂತ ಸೀಟಿನಲ್ಲಿ ಪೆಟ್ರೋಲ್ ಉರಿಸಲು ಬೇಕಾದ ಆಮ್ಲಜನಕ ಇರುವುದಿಲ್ಲ. ಪಿಸ್ಟನ್ ಎಂಜಿನ್ ಸಿಲಿಂಡರಿಗೆ ಎಳೆದುಕೊಂಡ ಆಮ್ಲಜನಕವನ್ನು ಹೆಚ್ಚುಕಮ್ಮಿ ಪೂರ್ತಿ ಬಳಸುವ ಯಂತ್ರ. ನಾಲ್ಕು ಪಾಲು ಕಡಿಮೆಯಾದರೆ ಅದಕ್ಕೆ ನೇರವಾಗಿ ತಟ್ಟುತ್ತದೆ. ಅದರ ಮೇಲೆ, ಒಳಗೆ ಹೋಗುತ್ತಿರುವುದರಲ್ಲಿ ಗಾಳಿ ಎಷ್ಟು, ಆವಿ ಎಷ್ಟು ಎಂಬುದು ಕಾರ್ಬುರೇಟರಿಗೆ ತಿಳಿಯುವುದಿಲ್ಲ. ಅದು ಹಳೆಯ ಅಳತೆಯಲ್ಲೇ ಪೆಟ್ರೋಲ್ ಸುರಿಯುತ್ತದೆ. ಮಿಶ್ರಣ ಪೆಟ್ರೋಲ್‌ಮಯವಾಗುತ್ತದೆ, ಉರಿ ನಿಧಾನವಾಗುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಹಾಗಾಗಿ ಶಕ್ತಿಯ ನಷ್ಟ ಸಾಂದ್ರತೆಯ ನಷ್ಟಕ್ಕಿಂತ ದೊಡ್ಡದು. ಪೈಲಟ್ ಮಿಕ್ಸ್ಚರ್‌ನ ಕೆಂಪು ಗುಂಡಿಯನ್ನು ಸ್ವಲ್ಪ ಹಿಂದಕ್ಕೆಳೆದು ಪೆಟ್ರೋಲ್ ಕಡಿಮೆ ಮಾಡಿಕೊಂಡರೆ ಒಂದಿಷ್ಟು ವಾಪಸ್ ಬರುತ್ತದೆ, ಪೂರ್ತಿ ಬರುವುದಿಲ್ಲ.

ಟರ್ಬೈನ್ ಎಂಜಿನ್ ದೊಡ್ಡ ಕುಟುಂಬದ ಅಡುಗೆಮನೆ ಇದ್ದಂತೆ, ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಅದು ಎಳೆದುಕೊಳ್ಳುವ ಗಾಳಿಯಲ್ಲಿ ಉರಿಯಲು ಬೇಕಾಗುವುದು ಸುಮಾರು ಕಾಲು ಭಾಗ. ಉಳಿದದ್ದು ಬೆಂಕಿಯ ಬಿಸಿಯನ್ನು ಹದಕ್ಕೆ ತರಲು. ಆಮ್ಲಜನಕ ನಾಲ್ಕು ಪಾಲು ಕಡಿಮೆಯಾದರೆ ಅದಕ್ಕೆ ಚಿಂತೆಯಿಲ್ಲ. ಒಳಗೆ ಹೋಗುವ ಒಟ್ಟು ತೂಕ ಒಂದೂವರೆ ಪಾಲು ಇಳಿಯಿತಲ್ಲ, ಅಷ್ಟಕ್ಕೆ ಗೊಣಗುತ್ತದೆ.

ನೀರನ್ನು ಆವಿಯಾಗಿ ಕೊಟ್ಟರೆ ಗೊಣಗುವ ಟರ್ಬೈನ್, ಹನಿಯಾಗಿ ಕೊಟ್ಟರೆ ಸಂತೋಷಪಡುತ್ತದೆ. ಕಾನ್ಪುರದಲ್ಲಿ ಎಚ್‌ಎಎಲ್ ಕಟ್ಟಿದ ಆವ್ರೊ ವಿಮಾನದ ಡಾರ್ಟ್ ಎಂಜಿನ್ನಿಗೆ ಟೇಕಾಫ್ ಹೊತ್ತಿನಲ್ಲಿ ನೀರು ಮತ್ತು ಮೆಥನಾಲ್ ಚಿಮುಕಿಸುವ ಏರ್ಪಾಡಿತ್ತು. ಹನಿ ಆವಿಯಾಗುವಾಗ ಸುತ್ತಲ ಗಾಳಿಯ ಶಾಖ ಹೀರುತ್ತದೆ, ಗಾಳಿ ತಣಿದು ಸಾಂದ್ರವಾಗುತ್ತದೆ, ಬಿಸಿಲಿನಲ್ಲಿ ಕಳೆದುಕೊಂಡ ಶಕ್ತಿ ಮರಳುತ್ತದೆ. ಬೇಸಿಗೆಯಲ್ಲಿ ಅಂಗಳಕ್ಕೆ ನೀರು ಚಿಮುಕಿಸುವ ಅಮ್ಮಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

7. ಇಪ್ಪತ್ತೆರಡು ಡಿಗ್ರಿಯಲ್ಲೂ ಮಂಜುಗಡ್ಡೆ ಕಟ್ಟುತ್ತದೆ

ಹಾರಾಟ ಶಾಲೆಯಲ್ಲಿ ಒಂದು ಮಳೆಗಾಲ. ಪುಟ್ಟ ತರಬೇತಿ ವಿಮಾನವೊಂದು ಇಳಿದ ಕೂಡಲೇ ದೂರು: “ಎಂಜಿನ್ ಸುಸ್ತಾಗಿದೆ, ಆರ್‌ಪಿಎಂ ತಾನಾಗಿ ಇಳಿಯುತ್ತೆ.” ಪ್ಲಗ್ ಬಿಚ್ಚಿದೆ, ಮ್ಯಾಗ್ನೆಟೊ ನೋಡಿದೆ, ಕಂಪ್ರೆಷನ್ ನೋಡಿದೆ. ಎಲ್ಲ ಸರಿ. ನೆಲದ ಮೇಲೆ ಓಡಿಸಿದರೆ ಎಂಜಿನ್ ಗಟ್ಟಿಯಾಗಿ ಗುಡುಗಿತು. ಮಾರನೆಯ ದಿನ ಅದೇ ದೂರು, ಅದೇ ಪರೀಕ್ಷೆ, ಅದೇ ಫಲ. ಮೂರನೆಯ ದಿನ ಹಿರಿಯ ಎಂಜಿನಿಯರೊಬ್ಬರು ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು, ಆಕಾಶ ತೋರಿಸಿ, “ಅಲ್ಲಿ ನೋಡ್ರೀ ಮೊದಲು” ಅಂದರು. ಮೋಡ ಮುಸುಕಿತ್ತು, 22 ಡಿಗ್ರಿ, ಒಣಗಲು ಹಾಕಿದ ಬಟ್ಟೆ ಮೂರು ದಿನವಾದರೂ ಆರದ ಹವೆ.

ಕಾರ್ಬುರೇಟರಿನ ಕಿರಿದಾದ ಗಂಟಲಲ್ಲಿ ಗಾಳಿ ವೇಗವಾಗಿ ನುಗ್ಗುವಾಗ ತಣಿಯುತ್ತದೆ. ಪೆಟ್ರೋಲ್ ಅಲ್ಲೇ ಆವಿಯಾಗಿ ಇನ್ನಷ್ಟು ಶಾಖ ಹೀರುತ್ತದೆ. ಉಷ್ಣತೆ ಇಪ್ಪತ್ತು ಡಿಗ್ರಿಗೂ ಹೆಚ್ಚು ಬೀಳಬಹುದು. ಗಾಳಿಯ ತೇವ ಅಲ್ಲಿ ಮಂಜುಗಡ್ಡೆಯಾಗಿ ಥ್ರಾಟಲ್ ತಟ್ಟೆಗೆ ಅಂಟುತ್ತದೆ. ಇಳಿಯುವಾಗ ಥ್ರಾಟಲ್ ಮುಚ್ಚಿರುವುದರಿಂದ ಅಪಾಯ ಹೆಚ್ಚು. ನೆಲಕ್ಕೆ ಬಂದು ಎಂಜಿನ್ ನಿಂತ ಮೇಲೆ ಸುತ್ತಲ ಬಿಸಿಗೆ ಗಡ್ಡೆ ಕರಗುತ್ತದೆ. ನಾನು ಕವಚ ಬಿಚ್ಚುವ ಹೊತ್ತಿಗೆ ಸಾಕ್ಷಿಯೇ ಮಾಯ.

ಪರಿಹಾರ ಪೈಲಟ್‌ನ ಕೈಯಲ್ಲೇ ಇರುತ್ತದೆ: ಎಕ್ಸಾಸ್ಟ್ ಕೊಳವೆಯ ಸುತ್ತ ಬಿಸಿಯಾದ ಗಾಳಿಯನ್ನು ಕಾರ್ಬುರೇಟರಿಗೆ ಹರಿಸುವ ಹಿಡಿ. ಎಳೆದ ಕೂಡಲೇ ಆರ್‌ಪಿಎಂ ಇನ್ನೂ ಇಳಿಯುತ್ತದೆ, ಬಿಸಿ ಗಾಳಿ ತೆಳು ತಾನೆ. ಗಡ್ಡೆ ಕರಗಿದ ನೀರು ಸಿಲಿಂಡರಿಗೆ ಹೋಗಿ ಎಂಜಿನ್ ಒಂದೆರಡು ಸಲ ಕೆಮ್ಮುತ್ತದೆ. ಹೊಸಬರು ಅಲ್ಲಿ ಹೆದರಿ ಹಿಡಿಯನ್ನು ಒಳಕ್ಕೆ ತಳ್ಳಿಬಿಡುತ್ತಾರೆ. ತಾಳಿಕೊಂಡವರಿಗೆ ಆರ್‌ಪಿಎಂ ಏರಿ ಬರುತ್ತದೆ. ಸಾಂದ್ರತೆಯ ಲೆಕ್ಕದಲ್ಲಿ ಸಣ್ಣ ಕಳ್ಳನಾದ ತೇವ ಹೀಗೆ ಹಿತ್ತಲ ಬಾಗಿಲಿನಿಂದ ಬಂದು ಎಂಜಿನ್ನನ್ನೇ ನಿಲ್ಲಿಸಬಲ್ಲದು.

8. ಹಗೇವಿನಲ್ಲಿ ರಾಗಿ ಇರಲಿ

ನಮ್ಮ ಕಡೆ ಹಿಂದೆ ನೆಲದಡಿಯ ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದರು. ಒಳ್ಳೆಯ ವರ್ಷದಲ್ಲಿ ಅದನ್ನು ಮುಟ್ಟುವುದಿಲ್ಲ. ಚೀತಾದ ಆರ್ಟೂಸ್ಟ್ ಎಂಜಿನ್ನಿನ ಲೆಕ್ಕ ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಆ ಹಗೇವು. ಅದಕ್ಕೆ 870 ಅಶ್ವಶಕ್ತಿ ಕೊಡುವ ತಾಕತ್ತಿದೆ, ಆದರೆ 550ಕ್ಕಿಂತ ಹೆಚ್ಚು ತೆಗೆಯಬಾರದೆಂದು ಕಟ್ಟು ಹಾಕಿದ್ದಾರೆ. ಕೆಳಗೆ ಉಳಿಸಿದ ಆ ಶಕ್ತಿ, ಗಾಳಿ ತೆಳುವಾದಂತೆ ಕೈಗೆ ಬರುತ್ತದೆ. ಚೀತಾದ ಮೂಲ ಫ್ರೆಂಚ್ ಲಾಮಾ. ಅದರ ತೂಕ ಇಳಿಸಿಕೊಂಡು 1972ರ ಜೂನ್ 21ರಂದು ಜೀನ್ ಬುಲೆ 12,442 ಮೀಟರ್ ಏರಿ ದಾಖಲೆ ಮಾಡಿದರು. ಅಷ್ಟು ಮೇಲೆ ಎಂಜಿನ್ ಆರಿಹೋಯಿತು. ಬರಿಯ ಗಾಳಿಗೆ ತಿರುಗುವ ರೋಟರಿನ ಆಸರೆಯಲ್ಲಿ ನೆಲಕ್ಕಿಳಿದರು.

ಬಿದರೆಹಳ್ಳ ಕಾವಲಿನ ಕಾರ್ಖಾನೆಯನ್ನು ಕಟ್ಟಿದ್ದು ಚೀತಾ, ಚೇತಕ್‌ಗಳ ಜಾಗಕ್ಕೆ ಬರಬೇಕಾದ ಹಗುರ ಹೆಲಿಕಾಪ್ಟರಿಗಾಗಿ. ಅದು ಮೊದಲು ಹಾರಿದ್ದು 2016ರ ಸೆಪ್ಟೆಂಬರ್ 6ರಂದು, ಬೆಂಗಳೂರಿನಲ್ಲಿ. ಆಮೇಲೆ ಅದನ್ನು ಎಲ್ಲೆಲ್ಲಿ ಕರೆದೊಯ್ದರು ನೋಡಿ: ಬಿಸಿಲಿಗೆ ನಾಗಪುರ, ಸಮುದ್ರ ಮಟ್ಟಕ್ಕೆ ಚೆನ್ನೈ ಮತ್ತು ಪುದುಚೇರಿ, ಚಳಿಗೆ ಲೇಹ್. 2019ರಲ್ಲಿ ಸುಮಾರು 5,000 ಮೀಟರ್ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ, ಆ ಎತ್ತರದ ಮಾದರಿ ದಿನಕ್ಕಿಂತ 32 ಡಿಗ್ರಿ ಹೆಚ್ಚು ಬಿಸಿಯಲ್ಲಿ ಹಾರಿಸಿದರು. ಮೂವರು ಕಳ್ಳರ ಊರಿಗೂ ಕರೆದೊಯ್ದು ಮುಖ ತೋರಿಸಿ ತಂದಂತೆ.

9. ತೇವ ರಾತ್ರಿ ಕೆಲಸ ಮಾಡುತ್ತದೆ

ಕರಾವಳಿಯಲ್ಲಿ ಒಂದು ಎಂಜಿನ್ ದಿನದಿಂದ ದಿನಕ್ಕೆ ಸೊರಗುತ್ತಿತ್ತು. ಶಕ್ತಿ ಪರೀಕ್ಷೆಯ ಅಂಕಿ ಇಳಿದಾಗಲೆಲ್ಲ ನಾನು “ಇಲ್ಲಿ ತೇವ ಜಾಸ್ತಿ, ಅದಕ್ಕೇ” ಎಂದು ಸಮಾಧಾನ ಹೇಳಿಕೊಂಡೆ. ತೇವದಿಂದ ಹೋಗುವುದು ಒಂದೂವರೆ ಪಾಲು ಎಂಬ ಲೆಕ್ಕ ಗೊತ್ತಿದ್ದೂ ಹಾಕಲಿಲ್ಲ. ಕೊನೆಗೆ ನೋಡಿದರೆ ಕಂಪ್ರೆಸರ್ ರೆಕ್ಕೆಗಳ ಮೇಲೆ ಉಪ್ಪಿನ ಪೊರೆ. ಶುದ್ಧ ನೀರಿನಲ್ಲಿ ತೊಳೆದ ಮೇಲೆ ಅಂಕಿ ಮೇಲಕ್ಕೆ ಬಂತು. ತಪ್ಪು ನನ್ನದೇ. ಎಲ್ಲಕ್ಕೂ ಹವೆಯನ್ನು ದೂರುವ ಮೆಕ್ಯಾನಿಕ್ ಎಂದರೆ ಎಲ್ಲ ಕಾಯಿಲೆಗೂ ದೃಷ್ಟಿ ತಾಕಿದೆ ಅನ್ನುವವನ ತಮ್ಮ.

ಇಂಧನದ ಟ್ಯಾಂಕೂ ಹಾಗೇ. ಅರ್ಧ ಖಾಲಿ ಬಿಟ್ಟರೆ, ಆ ಖಾಲಿ ಜಾಗದ ಗಾಳಿಯ ತೇವ ರಾತ್ರಿ ತಂಪಿಗೆ ಗೋಡೆಗೆ ಬೆವರಾಗಿ ಕಟ್ಟಿ ತಳಕ್ಕಿಳಿಯುತ್ತದೆ. ಸಂಜೆಯೇ ಟ್ಯಾಂಕ್ ತುಂಬಿಸಿ. ಬೆಳಗ್ಗೆ ತಳದಿಂದ ಒಂದು ಲೋಟ ತೆಗೆದು ಬೆಳಕಿಗೆ ಹಿಡಿಯಿರಿ. ಪಿಸ್ಟನ್ ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಹಾಕಿರುತ್ತಾರೆ. ಅದರಡಿ ಬಣ್ಣವಿಲ್ಲದ ಗುಳ್ಳೆ ಕೂತಿದ್ದರೆ ಅದು ನೀರು. ಅಟ್ಟದ ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ನೀರಿದೆಯೇ ಎಂದು ಕೇಳುವ ಜಿಲ್ಲೆಯವರಿಗೆ ಈ ಅಭ್ಯಾಸ ಕಷ್ಟವಾಗಬಾರದು.

10. ಒಂದು ಮೊರ ತೂರಿ ನೋಡಿ

ಒತ್ತಡ, ಉಷ್ಣತೆ, ಇಬ್ಬನಿ ಬಿಂದು ಮೂರನ್ನೂ ಬರೆದುಕೊಳ್ಳಿ. ಪುಸ್ತಕದ ಪಟ್ಟಿಯಲ್ಲಿ ಎಷ್ಟು ಭಾರ ಹೊರಬಹುದು ನೋಡಿ. ಅನುಮಾನವಿದ್ದರೆ ಒಂದು ಮೂಟೆ ಇಳಿಸಿ, ಇಲ್ಲವೇ ಬೆಳಗಿನ ತಂಪಿಗೆ ಕಾಯಿರಿ. ಇಷ್ಟೆಲ್ಲ ಮಾಡಿದ ಮೇಲೂ ನುರಿತ ಹೆಲಿಕಾಪ್ಟರ್ ಪೈಲಟ್ ನೇರವಾಗಿ ಹೊರಟುಬಿಡುವುದಿಲ್ಲ. ನೆಲದಿಂದ ಒಂದೆರಡು ಮೀಟರ್ ಎದ್ದು ಅಲ್ಲೇ ನಿಲ್ಲುತ್ತಾನೆ. ಎಷ್ಟು ಶಕ್ತಿ ಖರ್ಚಾಗುತ್ತಿದೆ, ಎಷ್ಟು ಉಳಿದಿದೆ ಎಂದು ಮುಳ್ಳು ನೋಡುತ್ತಾನೆ. ಉಳಿದದ್ದು ಸಾಲದಿದ್ದರೆ ಮತ್ತೆ ಕೆಳಗೆ ಇಳಿಸುತ್ತಾನೆ.

ಲೇಹ್‌ನಲ್ಲಿ ಇದನ್ನು ಮೊದಲ ಸಲ ಕಂಡಾಗ ಕಣದ ಒಂದು ದೃಶ್ಯ ಕಣ್ಣಿಗೆ ಬಂತು. ಅಜ್ಜಿ “ಗಾಳಿ ಭಾರ ಐತೆ” ಅನ್ನುತ್ತಿದ್ದುದು ನಿಜ. ಆದರೆ ಆ ಮಾತು ಬರುತ್ತಿದ್ದುದು ಒಂದು ಮೊರ ತುಂಬ ರಾಗಿ ತೆಗೆದುಕೊಂಡು, ತಲೆಯ ಮೇಲೆತ್ತಿ ನಿಧಾನವಾಗಿ ಸುರಿದು, ಹೊಟ್ಟು ಎಲ್ಲಿ ಬೀಳುತ್ತದೆ ಎಂದು ನೋಡಿದ ಮೇಲೆ. ಕಾಳಿನ ಪಕ್ಕದಲ್ಲೇ ಬಿದ್ದರೆ ಮೊರ ಕೆಳಗಿಡುತ್ತಿದ್ದಳು. ಮಾರು ದೂರ ಹಾರಿದರೆ ಸೆರಗು ಬಿಗಿದು, “ಬನ್ರೋ, ಗಾಳಿ ಬಂತು” ಎಂದು ಕೂಗುತ್ತಿದ್ದಳು.